ಗಂಟೆ ಮಾವನ ಎಡಗಡೆಯ ಮೂರು ಗಂಟೆ

ದೋಣಿಗಳು ತಂಗುವ ದಕ್ಕೆಯಲ್ಲಿ ಅವನಿಗೆ ಗಂಟೆ ಮಾವ ಎಂಬ ಹೆಸರು ಬಿದ್ದು ಮೂವತ್ತು ವರ್ಷ ಕಳೆದಿತ್ತು. ಹಾಗೆಂದು ಅವನು ಎಂದೂ ಕೈಗೆ ಗಡಿಯಾರ ಕಟ್ಟಿದವನಲ್ಲ. ಮೊಣಕಾಲಿನಷ್ಟು ಉಪ್ಪುನೀರು ನಿಂತು, ತಳದಲ್ಲಿ ಕಡಲಹುಲ್ಲು ಹಾಸಿಕೊಂಡಿರುವ ಬಯಲಿನ ಮೇಲೆ ಚಪ್ಪಟೆ ತಳದ ದೋಣಿಯನ್ನು ಉದ್ದನೆಯ ಕೋಲಿನಿಂದ ಸದ್ದಿಲ್ಲದೆ ತಳ್ಳುವುದು ಅವನ ಕಸುಬು. ಗಾಳದ ಶೋಕಿಯವರು ದೋಣಿಯ ಮೂತಿಯಲ್ಲಿ ನಿಲ್ಲುತ್ತಿದ್ದರು. ಇವನು ಹಿಂದೆ, ಎತ್ತರದ ಹಲಗೆಯ ಮೇಲೆ. ಏಡಿಗಾಗಿ ಹುಲ್ಲು ಕೆದಕುವ ಮೀನಿನ ಬಾಲ ಎರಡು ಬೆರಳಿನಷ್ಟು ಮೇಲೆದ್ದರೆ ಸಾಕು, ಇವನ ಕಣ್ಣಿಗೆ ಬೀಳುತ್ತಿತ್ತು. ಕೈಯೆತ್ತಿ ತೋರಿಸಿದರೆ ಮೀನು ಬೆದರುತ್ತದೆ. ಆದ್ದರಿಂದ ದೋಣಿಯನ್ನೇ ಗಡಿಯಾರದ ಮುಖವೆಂದುಕೊಂಡು, ಮೂತಿಗೆ ಹನ್ನೆರಡು ಎಂದು ಲೆಕ್ಕವಿಟ್ಟು, ಮೆಲುದನಿಯಲ್ಲಿ "ಹತ್ತು ಗಂಟೆ, ಮೂವತ್ತು ಅಡಿ" ಎನ್ನುತ್ತಿದ್ದ. ಕೆಲವು ಹೊಸಬರು ಕೈಗಡಿಯಾರ ನೋಡಿಕೊಂಡು, ಇನ್ನೂ ಎಂಟೂವರೆ ಎಂದು ಅವನನ್ನು ತಿದ್ದಿದ್ದೂ ಉಂಟು.

ಈ ವಿದ್ಯೆ ಹೇಳಿಕೊಟ್ಟವನು ಅವನ ಸೋದರಮಾವ. ಆತ ಮೂತಿಯಲ್ಲಿ ಕುಳಿತು, ಸೋದರಳಿಯನ ಕಡೆ ಮುಖ ಮಾಡಿ, ತನ್ನ ಬಲಗೈ ಚಾಚಿ ಇದು ಮೂರು, ಎಡಗೈ ಚಾಚಿ ಇದು ಒಂಬತ್ತು ಎಂದಿದ್ದ. ಸೋದರಳಿಯ ಕಂಡದ್ದನ್ನು ಕಂಡ ಹಾಗೇ ಕಲಿತ. ಹೀಗಾಗಿ ಅವನ ಗಡಿಯಾರದಲ್ಲಿ ಮೂರು ಗಂಟೆ ಎಡಗಡೆಗೆ ಬಂತು, ಒಂಬತ್ತು ಬಲಗಡೆಗೆ ಹೋಯಿತು. ಗಿರಾಕಿಗಳು ಮೊದಲ ಒಂದೆರಡು ಮೀನು ಕಳೆದುಕೊಂಡು, ಕಡಲಿನವರ ಲೆಕ್ಕವೇ ಬೇರೆ ಇರಬೇಕೆಂದು ತೆಪ್ಪಗಾದರು. ಪ್ರಶ್ನೆ ಕೇಳಿ ದಡ್ಡರೆನಿಸಿಕೊಳ್ಳುವುದು ಓದಿದವರಿಗೆ ಆಗಿಬರುವ ಕೆಲಸವಲ್ಲ. ದಕ್ಕೆಯ ಉಳಿದ ದೋಣಿಯವರಂತೂ ಇವನನ್ನು ನೋಡಿಯೇ ಕಲಿತವರು. ಇಡೀ ದಕ್ಕೆಯ ಗಡಿಯಾರ ಹಿಂದುಮುಂದಾಗಿ ಸುಖವಾಗಿ ನಡೆಯುತ್ತಿತ್ತು.

ಅಷ್ಟರಲ್ಲಿ ಮೋಟಾರು ದೋಣಿಗಳು ಬಂದು ಹುಲ್ಲನ್ನು ಬುಡಸಮೇತ ಕತ್ತರಿಸತೊಡಗಿದವು. ಸರ್ಕಾರ ಎಚ್ಚೆತ್ತಿತು. ಇನ್ನು ಮುಂದೆ ಪರೀಕ್ಷೆ ಪಾಸಾಗಿ ಲೈಸೆನ್ಸು ಪಡೆದವರು ಮಾತ್ರ ಹುಲ್ಲಿನ ಮೇಲೆ ದೋಣಿ ನಡೆಸಬೇಕು ಎಂದಾಯಿತು. ಒಂದು ಎಸಳನ್ನೂ ಮುರಿಯದ ಗಂಟೆ ಮಾವನೇ ಮೊದಲು ಪರೀಕ್ಷೆಗೆ ಕೂರಬೇಕಾಗಿ ಬಂದದ್ದು ಸಹಜವೇ; ಪಟ್ಟಿಯಲ್ಲಿ ವಯಸ್ಸಿನ ಪ್ರಕಾರ ಹೆಸರು ಹಾಕಿದ್ದರು.

ಪರೀಕ್ಷೆ ಮಾಡಲು ಬಂದ ಸಾಹೇಬರು ಜನ್ಮದಲ್ಲಿ ಒಂದು ಮೀನನ್ನೂ ಹಿಡಿದವರಲ್ಲ. ಆದರೆ ಪುಸ್ತಕ ತಂದಿದ್ದರು. ಇವನು ಮೂರು ಗಂಟೆ ಎಂದ. ಅವರು ಪುಸ್ತಕದಂತೆ ಬಲಕ್ಕೆ ಗಾಳ ಎಸೆದರು. ಮೀನು ಎಡದಿಂದ ಓಡಿಹೋಯಿತು. ಮೂರು ಸಲ ಹೀಗಾದ ಮೇಲೆ, ಗಡಿಯಾರ ನೋಡಲು ಬಾರದವನೆಂದು ಬರೆದು, ಆರು ವಾರ ಬಿಟ್ಟು ಬಾ, ಅದೇ ಕೊನೆಯ ಅವಕಾಶ ಎಂದರು.

ಹೆಂಡತಿ ದರ್ಜಿ. ಅಂಗಡಿಯ ಮೂಲೆಯಲ್ಲಿ ಅವನಿಗೊಂದು ಜಾಗ ಮಾಡಿಕೊಡುತ್ತೇನೆ, ಗುಂಡಿ ಹಚ್ಚಿಕೊಂಡು ಬಿದ್ದಿರಲಿ ಎಂದಳು. ಅರವತ್ತರ ಆ ಗಂಡಸಿಗೆ ಇದಕ್ಕಿಂತ ಮುಳುಗುವುದೇ ಮೇಲೆನಿಸಿತು. ನಡೆದದ್ದನ್ನು ಪೂರ್ತಿ ಬಾಯಿಬಿಡಿಸಿದ ಮೇಲೆ, ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಹೇಳಿದಳು:

"ಅಲ್ಲಾ ರೀ, ಎದುರಿಗೆ ನಿಂತವರ ಬಲಗೈ ನನ್ನ ಎಡಕ್ಕೆ ಬರುತ್ತೆ. ಅಷ್ಟೂ ತಿಳೀದೆ ಹೊಲಿದಿದ್ರೆ ಊರಿನವರ ಜೇಬೆಲ್ಲಾ ತಪ್ಪು ಕಡೆ ಇರ್ತಿತ್ತು. ನಿಮ್ಮ ಮಾವ ಎದುರಿಗೆ ಕೂತಿದ್ರಾ, ಪಕ್ಕದಲ್ಲಾ?"

"ಎದುರಿಗೆ," ಎಂದ. ತನ್ನ ಎರಡೂ ಕೈ ಚಾಚಿ ಒಂದೊಂದಾಗಿ ನೋಡಿಕೊಂಡ.

ಆರು ವಾರ ಊಟದ ಮೇಜಿನ ಮೇಲೇ ಪಾಠ ನಡೆಯಿತು. ಉಪ್ಪು ಎರಡು ಗಂಟೆಗೆ, ನೀರು ಒಂಬತ್ತಕ್ಕೆ. ತಪ್ಪು ಕಡೆ ಕೈಚಾಚಿದ ದಿನ ಉಪ್ಪಿಲ್ಲದೆ ಉಣ್ಣಬೇಕಿತ್ತು. ಕೊನೆಗೆ ಅವನು ನಿದ್ದೆಯಲ್ಲಿಯೂ ಬಲಮಗ್ಗುಲಿಗೆ ಮೂರು ಎನ್ನುವಷ್ಟು ತಿದ್ದಿಕೊಂಡ.

ಆದರೆ ಆ ಆರು ವಾರ ಸಾಹೇಬರೂ ಸುಮ್ಮನಿರಲಿಲ್ಲ. ಗಾಳದ ರುಚಿ ಹತ್ತಿತ್ತು. ದಿನ ಬಿಟ್ಟು ದಿನ ದಕ್ಕೆಯ ಬೇರೆ ದೋಣಿಯವರನ್ನು ಕರೆದುಕೊಂಡು ಹುಲ್ಲಿನ ಮೇಲೆ ಹೋಗಿದ್ದರು. ಮೀನು ಸಿಕ್ಕಿರಲಿಲ್ಲ, ಗಡಿಯಾರ ಮಾತ್ರ ಚೆನ್ನಾಗಿ ಕಲಿತಿದ್ದರು, ಅದೂ ದಕ್ಕೆಯದು.

ಎರಡನೆಯ ಪರೀಕ್ಷೆಯ ದಿನ ನೀರು ಗಾಜಿನಂತಿತ್ತು. ಬಲಗಡೆ ಒಂದು ಬಾಲ ಎದ್ದಿತು. ಗಂಟೆ ಮಾವ ಮನಸ್ಸಿನಲ್ಲಿ ಉಪ್ಪಿನ ಡಬ್ಬಿ ನೆನೆದು, "ಮೂರು ಗಂಟೆ, ಇಪ್ಪತ್ತೈದು ಅಡಿ" ಎಂದ. ಸಾಹೇಬರು ಸರ್ರನೆ ಎಡಕ್ಕೆ ತಿರುಗಿ ಎಸೆದರು. ಅಂಗಡಿಯ ಮೂಲೆ, ಸೂಜಿ, ಗುಂಡಿ ಎಲ್ಲ ಗಂಟೆ ಮಾವನ ಕಣ್ಣಮುಂದೆ ಹಾದುಹೋದವು. ಅಷ್ಟರಲ್ಲಿ, ಇವನು ನೋಡಿಯೇ ಇರದ ಇನ್ನೊಂದು ಮೀನು ಎಡಗಡೆಯ ಹುಲ್ಲಿನಿಂದೆದ್ದು ಗಾಳ ನುಂಗಿತು.

ಹತ್ತು ನಿಮಿಷ ಒದ್ದಾಡಿ ಸಾಹೇಬರು ಅದನ್ನು ಮೇಲೆತ್ತಿದರು. ಮುಖ ಮೊರದಗಲವಾಗಿತ್ತು.

"ಏನಪ್ಪಾ, ನೀನು ಹೇಳಿದ ಕಡೇನೇ ಹಾಕಿದೆ ನೋಡು."

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಉಪ್ಪಿಲ್ಲದೆ ಉಂಡು ಇದನ್ನು ಕಲಿತವನಿಗೆ ಅದು ಸಾಧ್ಯವಾಗಲಿಲ್ಲ.

"ಇಲ್ಲ ಸಾರ್. ನಾನು ಹೇಳಿದ್ದು ಬಲಕ್ಕೆ. ನಿಮ್ಮ ಪುಸ್ತಕದಲ್ಲಿ ಇರೋ ಹಾಗೆ."

ಸಾಹೇಬರ ಮುಖದ ನಗು ಸಣ್ಣದಾಯಿತು. "ಅಂದ್ರೆ ತಪ್ಪು ನಂದು ಅಂತೀಯಾ?"

ಗಂಟೆ ಮಾವ ಮೀನನ್ನು ನೋಡಿದ, ಸಾಹೇಬರ ಚೀಲದಿಂದ ಇಣುಕುತ್ತಿದ್ದ ಮುದ್ರೆಯನ್ನು ನೋಡಿದ.

"ಛೇ, ನಿಮ್ಮದೇನು ತಪ್ಪು ಸಾರ್? ತಪ್ಪು ಕಡೆ ಇದ್ದಿದ್ದು ಮೀನು."

ಸಾಹೇಬರು ಕ್ಷಣ ಯೋಚಿಸಿ, ಅದೂ ಸರಿಯೇ ಎಂದರು. ಕಾಗದ ತೆಗೆದು ಮುದ್ರೆ ಒತ್ತಿ, ಸಹಿ ಹಾಕಿದರು. ತಪ್ಪಿತಸ್ಥನನ್ನು ನೀರಿಗೆ ಬಿಟ್ಟುಬಿಡು ಎಂದು ಅಪ್ಪಣೆ ಕೊಟ್ಟರು.