ರಾಜಕುಮಾರನ ಅಕ್ಕ

ಕಿನುಯೆ ಮದುವೆಯಾದದ್ದು ಗಂಡನ್ನು ನೋಡಿ ಅಲ್ಲ, ಗಿಟಾರಿನ ಸದ್ದು ಕೇಳಿ. ಯೊಕೊಸುಕಾ ಬಂದರಿನಲ್ಲಿ ಅಮೆರಿಕನ್ ನಾವಿಕರ ಬಾರೊಂದಕ್ಕೆ ಪರದೆ ಹೊಲಿದುಕೊಡಲು ಹೋದಾಗ ತೊಯೊಜಿ ನುಡಿಸುತ್ತಿದ್ದ. ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದಂಥ ಸದ್ದು. ಎದೆಗೂಡೇ ನಡುಗಿತು. ಇಂಥ ಸದ್ದು ಮಾಡುವವನು ಯಾರಿಗೂ ಹೆದರಲಾರ ಎಂದುಕೊಂಡಳು. ಉತ್ತರನ ಪೌರುಷ ಒಲೆಯ ಮುಂದೆಯಾದರೆ ತೊಯೊಜಿಯದು ತಂತಿಯ ಮೇಲೆ. ಇದು ತಿಳಿಯುವಷ್ಟರಲ್ಲಿ ಸಂಸಾರ ಹೂಡಿಯಾಗಿತ್ತು.

ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಊರೂರಿಗೂ ಹಿಡಿದಿದ್ದ ಕಾಲ. ಟೋಕಿಯೋದ ರೆಕಾರ್ಡ್ ಕಂಪನಿಯವರು ಬಂದರು. ತೊಯೊಜಿಯ ತಂಡಕ್ಕೆ 'ಸಿಲ್ವರ್ ಪ್ರಿನ್ಸಸ್', ಅಂದರೆ ಬೆಳ್ಳಿ ರಾಜಕುಮಾರರು ಎಂದು ಹೆಸರಿಟ್ಟು, ಇಪ್ಪತ್ತಾರರ ಅವನನ್ನು ಹತ್ತೊಂಬತ್ತರ 'ರುಯಿ' ಮಾಡಿ, ಆ ಆಲಿಕಲ್ಲಿನ ಮೇಲೆ ಪಿಟೀಲಿನ ಸಕ್ಕರೆ ಪಾಕ ಹುಯ್ದರು. ಈಗ ಅವನು ಸರೋವರದ ದಡದಲ್ಲಿ ಸತ್ತ ಯಾರೋ ರಾಜಕುಮಾರಿಗಾಗಿ ಬಿಕ್ಕುತ್ತಾನೆ, ಕೊನೆಯ ಚರಣಕ್ಕೆ ಸರಿಯಾಗಿ ಮೂರ್ಛೆ ಹೋಗುತ್ತಾನೆ. ಅವನು ಬಿದ್ದದ್ದೇ ತಡ, ಶಾಲೆ ತಪ್ಪಿಸಿ ಬಂದ ಹುಡುಗಿಯರೂ ಸಾಲಾಗಿ ಉರುಳುತ್ತಾರೆ. ಹೆಗಲು ಮುಟ್ಟುವ ಕೂದಲು, ಕತ್ತಿನ ತುಂಬ ಲೇಸಿನ ಜಾಲರಿ. ಲೇಸು ಹೊಲಿಯುವವಳು ಕಿನುಯೆಯೇ.

ರಾಜಕುಮಾರನಿಗೆ ಹೆಂಡತಿ ಇರಕೂಡದೆಂದು ಕಂಪನಿಯ ಕಟ್ಟಪ್ಪಣೆ. ಅವಳನ್ನು ಅಕ್ಕ ಮಾಡಿದರು.

"ಸ್ವಲ್ಪ ದಿನ ತಡ್ಕೊಳೇ. ಆಮೇಲೆ ನಾನೇ ಬಾಯಿಬಿಟ್ಟು ಹೇಳ್ತೀನಿ" ಎಂದಿದ್ದ ತೊಯೊಜಿ.

ಹುಡುಗಿಯರು ಬಾಗಿಲಿಗೆ ಬಂದು "ಅಕ್ಕಾ, ರುಯಿ ಬಾಚಣಿಗೇಲಿ ಸಿಕ್ಕಿದ್ದು ಒಂದೇ ಒಂದು ಕೂದ್ಲು ಕೊಡೀಪ್ಪಾ" ಎಂದು ಗೋಗರೆಯುತ್ತಿದ್ದರು. ಅವಳಿಗೆ ನಗುವೂ ಬರುತ್ತಿತ್ತು, ಮೈಯೂ ಉರಿಯುತ್ತಿತ್ತು. ಆದರೂ ಅವನು ಹೇಳುತ್ತಾನೆಂದೇ ಕಾದಳು.

ಒಂದು ಭಾನುವಾರ ಮಿಸೊ ಎಂಬ ಸೋಯಾ ಗೊಜ್ಜು ಮಾರುವ ಅಂಗಡಿಯ ಒಡತಿ ಮುನಕಾತಾ ಒಳ್ಳೆಯ ಕಿಮೊನೊ ಉಟ್ಟು, ಮಗಳ ಫೋಟೋ ಹಿಡಿದು ಬಂದಳು. ಅಪ್ಪ ಅಮ್ಮ ಇಲ್ಲದ ಹುಡುಗನಿಗೆ ಅಕ್ಕನೇ ಹಿರಿಯಳು ತಾನೆ?

"ನಮಗೆ ಒಬ್ಬಳೇ ಮಗಳು. ನಿಮ್ಮ ತಮ್ಮನ್ನ ಮನೆ ಅಳಿಯನಾಗಿ ಕೊಡಿ. ನಮ್ಮ ಮನೆತನದ ಹೆಸರಿಟ್ಕೊಂಡು ಅಂಗಡಿ ನೋಡ್ಕೊಳ್ಳಲಿ."

ಕಿನುಯೆ ಜಾರುಬಾಗಿಲು ಸರಿಸಿ ಗಂಡನನ್ನು ಕರೆದಳು. ಬಂದಿದ್ದೇಕೆಂದು ತಿಳಿಸಿ ಅವನ ಮುಖವನ್ನೇ ನೋಡಿದಳು. ಹೇಳು, ಈಗಲಾದರೂ ಹೇಳು.

ತೊಯೊಜಿ ಹಣೆ ಚಾಪೆಗೆ ತಾಗುವಂತೆ ಬಾಗಿದ. "ಎಲ್ಲಾ ಅಕ್ಕ ಹೇಳ್ದಂಗೆ."

ಅವಳ ಎದೆ ಒಡೆದುಹೋಯಿತು. ಕಣ್ಣಲ್ಲಿ ಮಾತ್ರ ಹನಿ ಬರಲಿಲ್ಲ.

"ಒಪ್ಪಿಗೆ. ಕರ್ಕೊಂಡು ಹೋಗಿ" ಎಂದಳು.

ಅವನು ಬಗ್ಗಿಸಿದ ತಲೆ ಎತ್ತಲಿಲ್ಲ.

"ನಮ್ಮ ಪುಣ್ಯ!" ಎಂದಳು ಒಡತಿ. "ಆದ್ರೆ ಗಲ್ಲಾದಲ್ಲಿ ಕೂರೋನಿಗೆ ಈ ಜಟೆ ನಡೆಯಲ್ಲ. ಮೊದ್ಲು ಸಣ್ಣಗೆ ಕತ್ತರಿಸ್ಬೇಕು."

ತೊಯೊಜಿ ಚಂಗನೆ ಎದ್ದು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಕೂದಲಾ? ಅದೊಂದು ಆಗೋದೇ ಇಲ್ಲ! ಪ್ರಾಣ ಹೋದ್ರೂ ಬಿಡಲ್ಲ!"

ಕಿನುಯೆ ಮುನಕಾತಾಳ ಕಡೆ ತಿರುಗಿದಳು.

"ನಾನು ಅಕ್ಕ ಅಲ್ಲ ಅಮ್ಮಾ, ಹೆಂಡ್ತಿ. ನನ್ನ ಬಿಟ್ಟುಕೊಡುವಾಗ ಇವ್ರ ಬಾಯಲ್ಲಿ ಉಸಿರೇ ಇರ್ಲಿಲ್ಲ. ಕೂದ್ಲಿಗೆ ಪ್ರಾಣ ಕೊಡ್ತಾರಂತೆ. ಹೇಳಿ, ಇನ್ನೂ ಬೇಕಾ?"

ಒಡತಿ ಫೋಟೋವನ್ನು ಬಟ್ಟೆಯ ಗಂಟಿಗೆ ಸೇರಿಸಿ, ಹೊಸ್ತಿಲಲ್ಲಿ ಕೂತು ಚಪ್ಪಲಿ ಮೆಟ್ಟಿಕೊಂಡಳು. ಅವಳ ಪಕ್ಕದಲ್ಲೇ ಕೂತು ಕಿನುಯೆಯೂ ತನ್ನ ಚಪ್ಪಲಿ ಮೆಟ್ಟಿಕೊಂಡಳು.