ಮೇಲೂರಿನ ತಾರಸಿ

ಗೌರಿಬಿದನೂರಿನಿಂದ ಬೆಳಗಿನ ಬಸ್ಸಿಗೆ ಹೊರಟೆ. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಸೀಟೂ ಇಲ್ಲ. ಚಿಕ್ಕಬಳ್ಳಾಪುರದವರೆಗೆ ನಿಂತೇ ಬಂದೆ. ಅಲ್ಲಿ ಇಡ್ಲಿ ತಿಂದು ಶಿಡ್ಲಘಟ್ಟದ ಬಸ್ಸು ಹಿಡಿದೆ, ಅಲ್ಲಿಂದ ಆಟೋದಲ್ಲಿ ಮೇಲೂರು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ತಂಗಿ ಸರೋಜ ಅಲ್ಲಿ ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಮಾಡಿ ಅಂಗಡಿಗಳಿಗೆ ಕೊಡುತ್ತಾಳೆ. ಪಕ್ಕದ ಮನೆಯ ಷಾಹೀನಾ ಅವಳ ಜೊತೆ ಹಪ್ಪಳ ಲಟ್ಟಿಸುತ್ತಾಳೆ. ಕೇಳಿದಷ್ಟು ಹಪ್ಪಳ ಕೊಡಲಾಗದೆ ಸರೋಜ ಲಟ್ಟಿಸುವ ಯಂತ್ರವೊಂದಕ್ಕೆ ಮಾತಾಡಿದ್ದಳು. ಯಂತ್ರ ಬಂದರೆ ಷಾಹೀನಾಳಿಗೆ ಕೆಲಸವಿಲ್ಲ. ಅದನ್ನು ಹೇಳಲು ಬಾಯಿ ಬಾರದೆ ನನ್ನನ್ನು ಕರೆಸಿದ್ದಳು.

"ನೀನೇ ಹೇಳಕ್ಕ, ನಂಗಾಗಲ್ಲ," ಎಂದಳು ಬಾಗಿಲಲ್ಲೇ.

ನನಗೂ ಆಗಲಿಲ್ಲ. ಷಾಹೀನಾ ನನಗೆಂದು ಶಾವಿಗೆ ಪಾಯಸ ತಂದಿದ್ದಳು. ಕೂತು ಅವರ ಕೆಲಸ ನೋಡಿದೆ. ಊಟದ ಹೊತ್ತಿಗೂ ಮೊದಲೇ ಇಬ್ಬರೂ ಲಟ್ಟಣಿಗೆ ಕೆಳಗಿಟ್ಟರು.

"ಯಾಕಮ್ಮ ನಿಲ್ಲಿಸಿದ್ರಿ?"

"ಮೇಲೆ ಜಾಗ ಇಲ್ಲ ಅಕ್ಕ. ಹಾಕಿರೋದು ಒಣಗ್ಲಿ," ಎಂದಳು ಷಾಹೀನಾ.

ಸರೋಜಳ ಜೊತೆ ತಾರಸಿ ಹತ್ತಿದೆ. ಮುಕ್ಕಾಲು ಪಾಲು ಮೆಣಸಿನಕಾಯಿ, ಮೂಲೆಯಲ್ಲಿ ಹಪ್ಪಳ. ನನ್ನ ಟೈಲರಿಂಗ್ ಅಂಗಡಿ ನೆನಪಾಯಿತು. ಅಲ್ಲಿ ಗುಂಡಿಯ ತೂತು ಹೊಲಿಯುವ ಕಾಜಾ ಯಂತ್ರ ಒಂದೇ. ಎಷ್ಟು ಬೇಗ ಹೊಲಿದರೂ ಬಟ್ಟೆಯೆಲ್ಲ ಅದರ ಮುಂದೆ ರಾಶಿ ಬೀಳುತ್ತಿತ್ತು. ಇಲ್ಲಿ ಕೆಲಸ ನಿಂತಿದ್ದು ಕೈ ನಿಧಾನವೆಂದಲ್ಲ, ತಾರಸಿ ಸಾಲದೆ. ಯಂತ್ರ ತಂದರೂ ಒಣಗಿಸಲು ಜಾಗವಿಲ್ಲ, ಮೆಣಸಿನಕಾಯಿ ಕಡಿಮೆ ಮಾಡು ಎಂದೆ.

"ಕಿಲೋಗೆ ಲಾಭ ಮೆಣಸಿನಕಾಯೀಲೇ ಜಾಸ್ತಿ ಅಕ್ಕ."

"ಇರ್ಲಿ ಕಣೇ. ಅದು ವಾರವೆಲ್ಲ ಜಾಗ ಹಿಡ್ಕೊಂಡಿರುತ್ತೆ. ಅದೇ ಜಾಗದಲ್ಲಿ ದಿನಾ ಒಂದೊಂದು ಸಲ ಹಪ್ಪಳ ಒಣಗಿಸಿದ್ರೆ ವಾರಕ್ಕೆ ಯಾವುದ್ರಲ್ಲಿ ಜಾಸ್ತಿ ಸಿಗುತ್ತೆ, ನೋಡು."

ಬೆರಳು ಮಡಿಸಿ ಲೆಕ್ಕ ಹಾಕಿದಳು. ಹಪ್ಪಳವೇ ಗೆದ್ದಿತು, ಆದರೆ ಅವಳ ಮುಖ ಅರಳಲಿಲ್ಲ.

"ಮೆಣಸಿನಕಾಯಿ ಅಮ್ಮ ಕಲಿಸಿದ್ದಕ್ಕ. ಅಮ್ಮ ಹೋದ್ಮೇಲೆ ನನ್ನ ಹತ್ರ ಉಳಿದಿರೋದು ಅದೊಂದೇ."

ಗೋಡೆಗೆ ಒರಗಿಸಿದ್ದ ಮೊರ ಎತ್ತಿಕೊಂಡೆ. "ಪೂರ್ತಿ ಬಿಡು ಅಂದ್ನಾ? ಒಂದು ಮೊರದಷ್ಟು ಹಾಕು."

ಸಂಜೆ ಸರೋಜ ಫೋನ್ ಮಾಡಿ ಯಂತ್ರ ಬೇಡವೆಂದಳು. ಬರೀ ಪಾತ್ರೆ ಹಿಂದಿರುಗಿಸಬಾರದೆಂದು ಪಾಯಸದ ಡಬ್ಬಿಗೆ ಮೆಣಸಿನಕಾಯಿ ತುಂಬಿ ಷಾಹೀನಾಳ ಕೈಗಿಟ್ಟಳು. "ಇನ್ಮೇಲೆ ಸಂಜೆವರ್ಗೂ ಕೆಲಸ ಐತಮ್ಮ. ಇರ್ತೀಯಾ?"

"ಮಿಷನ್ನು ತರ್ತೀರಂತೆ ಅಂತ ಅಂಗಡೀಲಿ ಅಂದ್ರಲ್ಲ?"

"ಇಲ್ಲ, ತರಲ್ಲ."

ಷಾಹೀನಾಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನನಗೆ ಪಾಯಸ ತಂದಿದ್ದಳು. ಆ ಹುಡುಗಿಯನ್ನು ಕಂಡು ನನಗೆ ಮಮತೆ ಉಕ್ಕಿತು.

ಆ ಸಲದ ಮೆಣಸಿನಕಾಯಿ ಒಣಗುವವರೆಗೂ ಅಲ್ಲೇ ಉಳಿದು, ಮಧ್ಯಾಹ್ನದ ಬಸ್ಸು ಹತ್ತಿದೆ. ಬಸ್ಸು ಮನೆಯ ಮುಂದೆಯೇ ಹಾದುಹೋಯಿತು. ತಾರಸಿ ತುಂಬ ಹಪ್ಪಳ, ನೀರಿನ ಟ್ಯಾಂಕಿನ ಪಕ್ಕದ ಮೊರದಲ್ಲಿ ಅಮ್ಮನ ಮೆಣಸಿನಕಾಯಿ. ಕಿಟಕಿಯಿಂದ ಕೈ ಬೀಸಿದೆ. ಮೇಲಿದ್ದ ಷಾಹೀನಾ ನಕ್ಕಳು, ಕೈ ಬೀಸಲಿಲ್ಲ. ಅವಳ ಎರಡು ಕೈಯಲ್ಲೂ ಹಪ್ಪಳವಿತ್ತು.