ದೊಡ್ಡಮ್ಮ ನಿಂತ ಹಲಗೆ

ನಮ್ಮ ದೊಡ್ಡಪ್ಪ ಬಡಗಿ. ಊರಿಗೆಲ್ಲ ಕುರ್ಚಿ ಮಾಡಿಕೊಟ್ಟ ಮನುಷ್ಯ ಹೆಂಡತಿಗೆ ಮಾತ್ರ ಒಂದು ಸ್ಟೂಲ್ ಮಾಡಿಕೊಡಲಿಲ್ಲ. ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ, ಬರೆಯಲು ನನಗೇನು ಭಯ?

ದೊಡ್ಡಮ್ಮ ಮ್ಯೂಸಿಯಮ್ಮಿನ ಗಡಿಯಾರಗಳ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕಾವಲಿದ್ದಳು. ಕಾವಲಿನವರಿಗೆ ಅಲ್ಲಿ ಕುರ್ಚಿ ಕೊಡುತ್ತಿರಲಿಲ್ಲ. ಬೇಕಾದರೆ ಮನೆಯಿಂದ ತಂದುಕೊಳ್ಳಬಹುದಿತ್ತು. ಸಂಜೆ ಊದಿದ ಪಾದಗಳನ್ನು ಬಿಸಿನೀರಿಗಿಳಿಸಿ, "ರೀ, ನನಗೊಂದು ಸ್ಟೂಲ್ ಮಾಡ್ಕೊಡ್ರೀ" ಅನ್ನುವಳು. "ನಾಳೆ ಮಾಡೋಣ ಕಣೆ" ಅನ್ನುವನು. ಆ ನಾಳೆ ಬರುವ ಮೊದಲೇ ಅವಳು ಹೋದಳು. ಅವಳ ಕೆಲಸ ನನಗೆ ಸಿಕ್ಕಿತು.

ಮರುವರ್ಷ ಕೋಣೆಯ ದುರಸ್ತಿ ಶುರುವಾಯಿತು. ಹಳೆಯ ಚಾವಣಿ, ಹಳೆಯ ಮರದ ನೆಲ ಹಾಗೇ ಉಳಿಯಬೇಕು. ಒಳಗೆ ಹೊಸ ಗಾಜಿನ ಪೆಟ್ಟಿಗೆಗಳು, ಮುಂದೆ ಯಾರಾದರೂ ನಿಂತರೆ ಮಾತ್ರ ಹತ್ತುವ, ಹೋದರೆ ಆರುವ ದೀಪಗಳು. ನೆಲದ ಕೆಲಸ ದೊಡ್ಡಪ್ಪನ ಪಾಲಿಗೆ ಬಂತು.

ಎತ್ತರದ ಗಡಿಯಾರದ ಮುಂದಿನ ಹಲಗೆಯಲ್ಲಿ ಹಿಮ್ಮಡಿಯಗಲದ ಎರಡು ಹಳ್ಳಗಳಿದ್ದವು. ಎಡಗಡೆಯದು ಸ್ವಲ್ಪ ಆಳ. ದೊಡ್ಡಮ್ಮನಿಗೆ ಬಲ ಮಂಡಿ ನೋಯುತ್ತಿತ್ತು. ದೊಡ್ಡಪ್ಪ ಅವನ್ನು ಬೆರಳಿನಿಂದ ಮುಟ್ಟಿ ನೋಡಿದ. ಹಳೆಯ ನೆಲದಲ್ಲಿ ಸವೆದ ಹಲಗೆಯನ್ನು ಎಸೆಯುವುದಿಲ್ಲ, ಮಗುಚಿ ಹಾಕುತ್ತಾರೆ. ಅವನೂ ಮೊಳೆ ಕಿತ್ತು, ಹಳ್ಳಗಳು ಕೆಳಗಾಗುವಂತೆ ಕೂರಿಸಿದ.

"ಮುಚ್ಚಿಬಿಟ್ಯಲ್ಲ" ಅಂದೆ.

"ಕಣ್ಣಿಗೆ ಕಾಣದಿದ್ರೆ ಸಾಕು" ಅಂದ.

ಕೋಣೆ ತೆರೆದ ಮೊದಲ ವಾರವೇ ಆ ಗಡಿಯಾರದ ದೀಪ ಯಾರೂ ಇಲ್ಲದಾಗಲೂ ಉರಿಯತೊಡಗಿತು. ಬೆಳಗ್ಗೆ ನಾನು ಬೀಗ ತೆಗೆಯುವಾಗಲೇ ಒಳಗೆ ಬೆಳಕಿರುತ್ತಿತ್ತು. ಎಲೆಕ್ಟ್ರಿಷಿಯನ್ ಸೆನ್ಸರ್ ಬದಲಿಸಿದ, ತಂತಿ ಬದಲಿಸಿದ, ಕೊನೆಗೆ ತಲೆ ಕೆರೆದುಕೊಂಡು, "ಯಾರೋ ನಿಂತಿದಾರೆ ಅಂತಲೇ ತೋರಿಸ್ತಿದೆ ಮೇಡಂ" ಅಂದ. ಅಂದಿನಿಂದ ಆ ಹಲಗೆ ತುಳಿಯುವುದನ್ನೇ ಬಿಟ್ಟೆ. ಕೆಳಗಿನಿಂದ ಅವಳ ಪಾದಗಳು ನನ್ನ ಪಾದಗಳಿಗೆ ತಾಗುತ್ತವೆ ಅನ್ನಿಸುತ್ತಿತ್ತು.

ದೊಡ್ಡಪ್ಪನಿಗೆ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಮೂಗಿನ ತುದಿಯಲ್ಲೇ ಕೋಪವಿರುವ ಮನುಷ್ಯ.

"ಇನ್ನೂ ನಿಂತೇ ಇದಾಳಾ?" ಅಂದ, ಅಷ್ಟೇ.

ಎರಡು ದಿನ ಅವನ ಮನೆಯಲ್ಲಿ ಉಳಿಯ ಸದ್ದು ನಿಲ್ಲಲಿಲ್ಲ. ಮೂರನೆಯ ಬೆಳಗ್ಗೆ, ಜನ ಬರುವ ಮೊದಲು, ಸ್ಟೂಲ್ ಹೊತ್ತು ಬಂದ. ಅವಳ ಎತ್ತರಕ್ಕೆ ಸರಿಯಾದ ಗಿಡ್ಡ ಕಾಲುಗಳು. ಸೀರೆಗೆ ಸಿಕ್ಕದಂತೆ ಅಂಚುಗಳನ್ನೆಲ್ಲ ಉಜ್ಜಿ ನುಣುಪು ಮಾಡಿದ್ದ. ಅದನ್ನು ಹಲಗೆಯ ಮೇಲಿಟ್ಟು, ದೂರ ಸರಿದು ಗೋಡೆಯ ಬಳಿ ನಿಂತ. ನಾನೂ ಸರಿದೆ. ದೀಪ ಉರಿಯುತ್ತಲೇ ಇತ್ತು.

"ತಡ ಆಯ್ತು ಕಣೆ" ಅಂದ. "ಕೂತ್ಕೋ."

ದೀಪ ಆರಿತು.

ದೊಡ್ಡಪ್ಪ ಮಾತ್ರ, ನಾನು ಎಷ್ಟು ಹೇಳಿದರೂ, ಸಂಜೆ ಬಾಗಿಲು ಹಾಕುವವರೆಗೂ ಕೂರಲಿಲ್ಲ.